ಜ್ವರದ ಅಡ್ರೆಸ್ ಹುಡುಕಿದ ಡಾಕ್ಟರು: ರೊನಾಲ್ಡ್ ರಾಸ್

ಆಗಸ್ಟ್ 20 ‘ವಿಶ್ವ ಸೊಳ್ಳೆ ದಿನ’. ನಗಬೇಡಿ, ನಿಜವಾಗಿಯೂ ಅಂಥದ್ದೊಂದು ದಿನ ಇದೆ. ಹಾಸ್ಟೆಲ್‌ನಲ್ಲಿರುವ ನಮಗೆ ವರ್ಷದ 365 ದಿನವೂ ಸೊಳ್ಳೆ ದಿನವೇ ಆಗಿರುವುದರಿಂದ ಇದರ ವಿಶೇಷ ಗೊತ್ತಾಗುವುದಿಲ್ಲ, ಅಷ್ಟೇ. 1897ರಲ್ಲಿ ಇದೇ ದಿನ ಒಬ್ಬ ಡಾಕ್ಟರು ಒಂದು ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಗುಟ್ಟನ್ನು ಕಂಡುಹಿಡಿದರು. ಅವರ ಹೆಸರು ರೊನಾಲ್ಡ್ ರಾಸ್. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಈ ಹೆಸರು ಒಂದು ಮಾರ್ಕಿನ ಪ್ರಶ್ನೆಯಾಗಿ ನೆನಪಿರಬಹುದು. ನನಗೂ ಅಷ್ಟೇ ಗೊತ್ತಿತ್ತು. ಆಮೇಲೆ ಅವರ ಜೀವನದ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ತಿಳಿದು ಆಶ್ಚರ್ಯವಾಯಿತು. ಈ ಕಥೆಯ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ, ಒಂದು ನೀರಿನ ತೊಟ್ಟಿಯಲ್ಲಿ!

ಈ ಲೇಖನ ಬರೆಯಲು ನನಗೆ ಇನ್ನೂ ಒಂದು ಕಾರಣ ಇದೆ. ನಮ್ಮೂರು ಬಾಳ್ಳುಪೇಟೆ. ಹಾಸನದಿಂದ ಮಂಗಳೂರಿಗೆ ಹೋಗುವಾಗ ಆಲೂರು ದಾಟಿದ ಮೇಲೆ, ಸಕಲೇಶಪುರಕ್ಕೆ ಮುಂಚೆ ಸಿಗುತ್ತದೆ. ಬಸ್ಸಿನಲ್ಲಿ ನಿದ್ದೆ ಮಾಡುವವರಿಗೆ ಕಾಣಿಸುವುದಿಲ್ಲ. ಈಗ ನಮ್ಮ ಕಡೆ ಜನ ವೀಕೆಂಡ್‌ಗೆ ಹೋಂಸ್ಟೇ ಹುಡುಕಿಕೊಂಡು ಬರುತ್ತಾರೆ, ಒಳ್ಳೇ ಗಾಳಿ ಅಂತ ಉಸಿರೆಳೆದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ನಮ್ಮ ಅಜ್ಜಿ ಹೇಳುವ ಮಲೆನಾಡೇ ಬೇರೆ. ಅವರು ಚಿಕ್ಕವರಾಗಿದ್ದಾಗ ಬಯಲುಸೀಮೆಯವರು ನಮ್ಮ ಕಡೆಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡುತ್ತಿದ್ದರಂತೆ. ಕಾರಣ ಚಳಿಜ್ವರ. ದಿನ ಬಿಟ್ಟು ದಿನ ಬರುವ ಜ್ವರ, ಎಷ್ಟು ಕಂಬಳಿ ಹೊದ್ದರೂ ನಿಲ್ಲದ ನಡುಕ, ಆಮೇಲೆ ಬೆವರು. ಹೀಗೇ ತಿಂಗಳುಗಟ್ಟಲೆ ನರಳಿ ಹೊಟ್ಟೆಯ ಎಡಗಡೆ ಗಡ್ಡೆ ಕಟ್ಟಿಕೊಂಡ ಮಕ್ಕಳು. ಅದಕ್ಕೆ ಜ್ವರಗಡ್ಡೆ ಅಂತಲೇ ಹೆಸರು. ಊರಿನ ನೀರು ಸರಿಯಿಲ್ಲ, ಗಾಳಿ ಸರಿಯಿಲ್ಲ, ಕಾಡಿನ ತಂಪು ಆಗಿಬರುವುದಿಲ್ಲ ಅಂತ ಜನ ಮಾತಾಡುತ್ತಿದ್ದರಂತೆ.

ನಮ್ಮ ಅಜ್ಜಿ ಕಾಲದವರು ಮಾತ್ರ ಹೀಗೆ ಅಂದುಕೊಂಡಿರಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಡಾಕ್ಟರುಗಳೂ ಬಹಳ ಕಾಲ ಇದನ್ನೇ ನಂಬಿದ್ದರು. ಮಲೇರಿಯಾ ಎಂಬ ಪದದ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಕೆರೆ, ಜೌಗು, ಕೊಳೆತ ಎಲೆ ಇರುವ ಕಡೆ ಗಾಳಿಯೇ ವಿಷವಾಗುತ್ತದೆ ಅಂತ ಅವರ ಲೆಕ್ಕ. ರೋಗ ಯಾವುದು ಅಂತ ಹೆಸರು ಗೊತ್ತಿತ್ತು, ಕ್ವಿನೈನ್ ಎಂಬ ಔಷಧಿಯೂ ಇತ್ತು. ಆದರೆ ಅದು ಎಲ್ಲಿಂದ ಬರುತ್ತದೆ ಅನ್ನುವುದು ಮಾತ್ರ ತಪ್ಪಾಗಿತ್ತು. ಗಾಳಿಯೇ ಕಾರಣ ಅಂದರೆ ಮನುಷ್ಯ ಏನು ಮಾಡೋಕಾಗುತ್ತೆ? ಊರು ಬಿಡಬೇಕು, ಇಲ್ಲಾ ಸಾಯಬೇಕು. ಡಯಾಗ್ನಸಿಸ್ ಅರ್ಧ ಸರಿಯಿದ್ದು ಅರ್ಧ ತಪ್ಪಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ. ಮೂರೇ ದಿನದ ಹಿಂದೆ ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರು. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಅಧಿಕಾರಿ, ಮುಂದೆ ಜನರಲ್ ಆದವರು. ಹತ್ತು ಮಕ್ಕಳಲ್ಲಿ ರೊನಾಲ್ಡ್ ಮೊದಲನೆಯವರು. ಎಂಟನೇ ವಯಸ್ಸಿಗೆ ಅವರನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಸಂಬಂಧಿಕರ ಮನೆಯಲ್ಲಿ ಬೆಳೆದರು.

ಈಗ ಬರುವ ಭಾಗ ನಮ್ಮಲ್ಲಿ ತುಂಬಾ ಜನಕ್ಕೆ ಸ್ವಂತ ಕಥೆ ಅನ್ನಿಸಬಹುದು. ರಾಸ್‌ಗೆ ಡಾಕ್ಟರ್ ಆಗುವ ಆಸೆ ಸ್ವಲ್ಪವೂ ಇರಲಿಲ್ಲ. ಚಿತ್ರ ಬರೆಯುವುದು, ಕವಿತೆ ಬರೆಯುವುದು, ಸಂಗೀತ ರಚಿಸುವುದು ಇಷ್ಟ. ಅಪ್ಪ ಬಿಡಲಿಲ್ಲ. ಮಗ ಡಾಕ್ಟರಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರಲೇಬೇಕು ಅಂತ ಹಟ. ಹಾಗಾಗಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ಕಾಲೇಜು ಸೇರಿದರು. ಪಾಠಕ್ಕಿಂತ ಹೆಚ್ಚಾಗಿ ಕವಿತೆ, ನಾಟಕಗಳಲ್ಲಿ ಮುಳುಗಿದ್ದರು. 1879ರಲ್ಲಿ ಒಂದು ಪರೀಕ್ಷೆ ಪಾಸಾಯಿತು, ಇನ್ನೊಂದು ಫೇಲ್! ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬ್ಯಾಕ್‌ಲಾಗ್. ಮನೆಗೆ ಮುಖ ತೋರಿಸುವ ಬದಲು ಅಟ್ಲಾಂಟಿಕ್ ದಾಟುವ ಹಡಗುಗಳಲ್ಲಿ ಡಾಕ್ಟರ್ ಕೆಲಸ ಮಾಡಿಕೊಂಡಿದ್ದು, 1881ರಲ್ಲಿ ಬ್ಯಾಕ್‌ಲಾಗ್ ಕ್ಲಿಯರ್ ಮಾಡಿ ಮೆಡಿಕಲ್ ಸರ್ವಿಸ್ ಸೇರಿದರು.

ಕಾಲೇಜು ದಿನಗಳ ಒಂದು ಘಟನೆ ಹೇಳಲೇಬೇಕು. ಆಸ್ಪತ್ರೆಗೆ ಎಸೆಕ್ಸ್ ಕಡೆಯಿಂದ ಒಬ್ಬ ಹೆಂಗಸು ಬಂದರು. ಎಸೆಕ್ಸ್‌ನಲ್ಲಿ ಜೌಗು ನೆಲ ಜಾಸ್ತಿ. ಆಕೆಗೆ ತಲೆನೋವು, ಮೈಕೈ ನೋವು. ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ಔಷಧಿ ಬರೆದು ಕಳಿಸುತ್ತಿದ್ದರು. ರಾಸ್ ಹಾಗೆ ಮಾಡಲಿಲ್ಲ. ವಿವರವಾಗಿ ಪ್ರಶ್ನೆ ಕೇಳುತ್ತಾ ಹೋದರು. ಕೇಳಿ ಕೇಳಿ, ಇದು ಮಲೇರಿಯಾ ಇರಬೇಕು ಅನ್ನುವ ತೀರ್ಮಾನಕ್ಕೆ ಬಂದರು. ಬಿಸಿಲ ದೇಶಗಳ ರೋಗ ಅಂತ ಎಲ್ಲರೂ ಅಂದುಕೊಂಡಿದ್ದನ್ನು ಲಂಡನ್ನಿನ ಆಸ್ಪತ್ರೆಯಲ್ಲಿ ಒಬ್ಬ ವಿದ್ಯಾರ್ಥಿ ಗುರುತಿಸಿದ್ದು ಸಣ್ಣ ಮಾತಲ್ಲ. ಆದರೆ ಏನಾಯಿತು ಗೊತ್ತಾ? ಇಷ್ಟೊಂದು ಪ್ರಶ್ನೆ ಕೇಳುತ್ತಿದ್ದಾನಲ್ಲ, ನನಗೆ ಏನೋ ಭಯಂಕರವಾದದ್ದೇ ಬಂದಿದೆ ಅಂತ ಹೆದರಿ ಆಕೆ ಮತ್ತೆ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ತನ್ನ ಲೆಕ್ಕ ಸರಿಯೋ ತಪ್ಪೋ ಅಂತ ನೋಡಲು ರಾಸ್‌ಗೆ ಅವಕಾಶವೇ ಸಿಗಲಿಲ್ಲ.

ಪ್ರಶ್ನೆ ಕೇಳುವುದು ಬೇರೆ, ಕಿವಿಗೊಡುವುದು ಬೇರೆ. ರಾಸ್ ಆಕೆಯ ರೋಗವನ್ನು ಕೇಳಿಸಿಕೊಂಡರು, ಭಯವನ್ನು ಕೇಳಿಸಿಕೊಳ್ಳಲಿಲ್ಲ. ಈ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾರತಕ್ಕೆ ಬಂದ ರಾಸ್‌ಗೆ ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ. 1883ರಲ್ಲಿ ಬೆಂಗಳೂರು ದಂಡಿಗೆ ಹಂಗಾಮಿ ಸರ್ಜನ್ ಆಗಿ ಬಂದರು. ಊರು ಇಷ್ಟವಾಯಿತು, ಬಂಗಲೆಯೂ ಚೆನ್ನಾಗಿತ್ತು. ತೊಂದರೆ ಅಂದರೆ ಸೊಳ್ಳೆ. ಉಳಿದವರ ಕೋಣೆಗಿಂತ ತಮ್ಮ ಕೋಣೆಯಲ್ಲೇ ಹೆಚ್ಚು ಯಾಕೆ ಅಂತ ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಾಣಿಸಿತು. ಬಗ್ಗಿ ನೋಡಿದರೆ ಅದರ ತುಂಬಾ ಕುಣಿಯುವ ಸೊಳ್ಳೆ ಮರಿಗಳು. ತೊಟ್ಟಿಯನ್ನು ಬೋರಲು ಹಾಕಿದರು. ಸೊಳ್ಳೆ ಕಡಿಮೆಯಾಯಿತು. ಇಷ್ಟೇ. ಉಳಿದ ತೊಟ್ಟಿಗಳನ್ನೂ ಹೀಗೇ ಮಾಡೋಣ ಅಂತ ಅಲ್ಲಿನ ಸೇನಾಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಪ್ರಕೃತಿಯ ವ್ಯವಸ್ಥೆಯನ್ನು ನಾವು ಕೆಡಿಸಬಾರದು ಅನ್ನುವುದು ಆತನ ವಾದ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಇದೆ ಅಂತ ಆಗ ರಾಸ್‌ಗೂ ಗೊತ್ತಿರಲಿಲ್ಲ. ಆದರೆ ಸೊಳ್ಳೆಯ ಮೂಲ ಎಲ್ಲಿ ಅಂತ ಹುಡುಕಿ ಅಲ್ಲೇ ನಿಲ್ಲಿಸುವ ಪಾಠ ಅವರಿಗೆ ಬೆಂಗಳೂರಿನಲ್ಲಿ ಸಿಕ್ಕಿತ್ತು.

ಆಮೇಲಿನ ವರ್ಷಗಳಲ್ಲಿ ಬರ್ಮಾ ಯುದ್ಧ, ಅಂಡಮಾನ್, ಅಲ್ಲಿ ಇಲ್ಲಿ ಅಂತ ಓಡಾಟ. ಕೆಲಸದಲ್ಲಿ ಬೇಜಾರು ಬಂದು ಕಾದಂಬರಿ, ಕವಿತೆ, ಗಣಿತ ಅಂತ ಕಾಲ ಕಳೆದರು. ಗಣಿತವನ್ನು ಯಾರೂ ಹೇಳಿಕೊಡದೆ ತಾವೇ ಪುಸ್ತಕ ಇಟ್ಟುಕೊಂಡು ಕಲಿತರು. 1888ರಲ್ಲಿ ರಜೆ ಹಾಕಿ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಮಾಡಿದರು, ಬ್ಯಾಕ್ಟೀರಿಯಾಲಜಿ ಕಲಿತರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ಮದುವೆಯಾಗಿ ಭಾರತಕ್ಕೆ ವಾಪಸ್ ಬಂದರು.

ಇಷ್ಟರಲ್ಲಿ ಬೇರೆ ಕಡೆ ದೊಡ್ಡ ಕೆಲಸ ನಡೆದಿತ್ತು. 1880ರಲ್ಲಿ ಆಲ್ಫೋನ್ಸ್ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ಡಾಕ್ಟರು ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡಿದ್ದರು. ರಾಸ್ ಭಾರತದಲ್ಲಿ ಕೂತು ಎಷ್ಟೋ ರೋಗಿಗಳ ರಕ್ತ ನೋಡಿದರು. ಕಾಣಲಿಲ್ಲ. ಕಾಣದಿದ್ದ ಮೇಲೆ ಲಾವೆರಾನ್ ಹೇಳಿದ್ದೇ ಸುಳ್ಳು ಅಂತ ತೀರ್ಮಾನ ಮಾಡಿ, ಈ ಜ್ವರ ಕರುಳಿನ ವಿಷದಿಂದ ಬರುತ್ತದೆ ಅಂತ ಲೇಖನಗಳನ್ನೇ ಬರೆದರು. ಅಂದ್ರೆ ಮುಂದೆ ಮಲೇರಿಯಾಕ್ಕಾಗಿ ನೊಬೆಲ್ ಪಡೆದ ಮನುಷ್ಯ ಮೊದಲು ಹಿಡಿದದ್ದು ಪೂರ್ತಿ ತಪ್ಪು ದಾರಿ.

1894ರಲ್ಲಿ ಮತ್ತೆ ರಜೆಯಲ್ಲಿ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ಡಾಕ್ಟರನ್ನು ಭೇಟಿಯಾದರು. ಮ್ಯಾನ್ಸನ್ ಚೀನಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಆನೆಕಾಲು ರೋಗ ತರುವ ಹುಳು ಸೊಳ್ಳೆಯ ಮೈಯೊಳಗೆ ಬೆಳೆಯುತ್ತದೆ ಅಂತ ತೋರಿಸಿದ್ದವರು. ಅವರು ಜಗಳ ಮಾಡಲಿಲ್ಲ, ವಾದ ಮಾಡಲಿಲ್ಲ. ರಾಸ್ ಅವರನ್ನು ಮೈಕ್ರೋಸ್ಕೋಪ್ ಮುಂದೆ ಕೂರಿಸಿ ಲಾವೆರಾನ್ ಕಂಡ ಜೀವಿಯನ್ನು ತೋರಿಸಿದರು. ರಾಸ್ ನೋಡಿದರು, ಒಪ್ಪಿಕೊಂಡರು. ಪ್ರಿಂಟ್ ಆಗಿ ಬಂದಿದ್ದ ತಮ್ಮ ಅಭಿಪ್ರಾಯವನ್ನೇ ಕೈಬಿಟ್ಟರು. ಅದೇ ವರ್ಷ ಮ್ಯಾನ್ಸನ್ ತಮ್ಮ ಊಹೆಯನ್ನೂ ಹೇಳಿದರು: ಮಲೇರಿಯಾವನ್ನೂ ಸೊಳ್ಳೆಯೇ ಹೊತ್ತು ತಿರುಗುತ್ತಿರಬಹುದು.

ರಾಸ್ ಅವರ ಜೀವನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಮೂವತ್ತೇಳು ವರ್ಷದ, ಸ್ವಭಾವದಲ್ಲಿ ಭಾರೀ ಹಟಮಾರಿಯಾದ ಒಬ್ಬ ಡಾಕ್ಟರು ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳಿದರು. ಮುಂದೆ ನಡೆದದ್ದೆಲ್ಲ ಆ ಕೇಳಿಸಿಕೊಂಡದ್ದರಿಂದಲೇ. ಭಾರತಕ್ಕೆ ಬಂದ ಮೇಲೆ ಮ್ಯಾನ್ಸನ್‌ಗೆ ನೂರಕ್ಕೂ ಹೆಚ್ಚು ಪತ್ರ ಬರೆದರು. ಪ್ರತಿ ಪ್ರಯೋಗದ ವಿವರ, ಪ್ರತಿ ಸೋಲಿನ ವಿವರ. ಈಗಿನ ಕಾಲದ ಪ್ರಾಜೆಕ್ಟ್ ಗೈಡ್‌ಗೆ ವಾಟ್ಸಾಪ್ ಮಾಡಿದ ಹಾಗೆ. ಆದರೆ ಒಂದು ಪತ್ರ ಹೋಗಿ ಉತ್ತರ ಬರಲು ವಾರಗಟ್ಟಲೆ ಕಾಯಬೇಕು.

1895ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಶುರುವಾಯಿತು. ಮ್ಯಾನ್ಸನ್ ಅವರ ಊಹೆಯಲ್ಲೂ ಅರ್ಧ ತಪ್ಪಿತ್ತು. ರೋಗಿಯ ರಕ್ತ ಕುಡಿದ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಅಂತ ಅವರು ಅಂದುಕೊಂಡಿದ್ದರು. ಸೊಳ್ಳೆ ಸತ್ತ ನೀರನ್ನು ರಾಸ್ ಕೆಲವರಿಗೆ ದುಡ್ಡು ಕೊಟ್ಟು ಕುಡಿಸಿದರು. ಇವತ್ತಿನ ದಿನ ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಆ ಜನರಿಗೆ ಆಗ ಬೇಡ ಅನ್ನುವ ಧೈರ್ಯ ಎಷ್ಟಿತ್ತು ಅನ್ನುವುದನ್ನು ನಾವೇ ಯೋಚಿಸಬೇಕು. ರಾಸ್ ಅವರನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ. ಸರ್ಕಾರ ರಾಸ್ ಅವರನ್ನು ಅಲ್ಲಿಗೆ ಕಳಿಸಿತು. ಮಲೇರಿಯಾ ಕೆಲಸ ನಿಂತೇಹೋಯಿತು ಅಂತ ಬೇಸರವಾದರೂ ಒಂದೂವರೆ ವರ್ಷದಷ್ಟು ಕಾಲ ಚರಂಡಿ, ಬಾವಿ, ಕೊಳಕು ಅಂತ ಊರೆಲ್ಲ ಓಡಾಡಿದರು. ಬಿಡುವು ಸಿಕ್ಕಾಗ ಮತ್ತೆ ಸೊಳ್ಳೆ. ಬೌರಿಂಗ್ ಆಸ್ಪತ್ರೆಯಲ್ಲಿ ಅಪ್ಪಯ್ಯ ಎಂಬ ಸಹಾಯಕ ವೈದ್ಯರಿದ್ದರು. ರೋಗಿಯನ್ನು ಕಚ್ಚಿದ ಸೊಳ್ಳೆಗಳಿಂದ ಅವರು ತಾವೇ ಕಚ್ಚಿಸಿಕೊಂಡರು. ಏನೂ ಆಗಲಿಲ್ಲ. ಪುಣ್ಯ ಅಂತ ನಾವು ಅಂದುಕೊಳ್ಳಬಹುದು. ಆದರೆ ರಾಸ್‌ಗೆ ತಲೆ ಕೆಟ್ಟುಹೋಯಿತು. ಎರಡು ವರ್ಷ, ನೂರಾರು ಸೊಳ್ಳೆ, ಫಲಿತಾಂಶ ಸೊನ್ನೆ.

ನಮ್ಮ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ಮೊದಲು ಥಿಯರಿಯನ್ನೇ ಬೈತೀವಿ. ಆಮೇಲೆ ನೋಡಿದರೆ ಹಾಕಿರುವ ಐಸಿಯೇ ಬೇರೆ ನಂಬರಿನದ್ದು. ರಾಸ್‌ಗೆ ಆಗಿದ್ದೂ ಇದೇ. ಥಿಯರಿ ಸರಿ ಇತ್ತು, ಸೊಳ್ಳೆ ತಪ್ಪಾಗಿತ್ತು. ಮನೆಯ ಸುತ್ತ ಸುಲಭವಾಗಿ ಸಿಗುವ ಬೇರೆ ಜಾತಿಯ ಸೊಳ್ಳೆಗಳನ್ನು ಹಿಡಿದು ನೋಡುತ್ತಿದ್ದರು. ಮಲೇರಿಯಾ ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ. ರಾಸ್ ಕೀಟಶಾಸ್ತ್ರ ಓದಿದವರಲ್ಲ. ಸೊಳ್ಳೆಗಳ ವೈಜ್ಞಾನಿಕ ಹೆಸರು ಗೊತ್ತಿಲ್ಲದೆ ಬೂದು ಬಣ್ಣದ್ದು, ಪಟ್ಟೆಯದ್ದು, ಚುಕ್ಕಿ ರೆಕ್ಕೆಯದ್ದು ಅಂತ ತಾವೇ ಹೆಸರಿಟ್ಟುಕೊಂಡಿದ್ದರು.

1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಹೋದರು. ವಿಶ್ರಾಂತಿಗೆ ಅಲ್ಲ. ಊಟಿಯ ಕೆಳಗೆ ಸಿಗೂರು ಘಾಟಿಯಲ್ಲಿ ಮಲೇರಿಯಾ ಜಾಸ್ತಿ ಅಂತ ಗೊತ್ತಾಗಿತ್ತು. ಮೈಸೂರಿನಿಂದ ಮಸಿನಗುಡಿ ಮೇಲೆ ಊಟಿಗೆ ಬೈಕಿನಲ್ಲಿ ಹೋದವರಿಗೆ ಈ ದಾರಿ ಗೊತ್ತಿರುತ್ತದೆ, 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿ. ಅಲ್ಲಿ ಅಷ್ಟು ಎಚ್ಚರಿಕೆ ವಹಿಸಿಯೂ ಕೆಲವೇ ದಿನದಲ್ಲಿ ರಾಸ್‌ಗೇ ಮಲೇರಿಯಾ ಬಂತು. ಇಷ್ಟು ವರ್ಷ ಬೇರೆಯವರ ಚಳಿ ನೋಡಿದ್ದ ಡಾಕ್ಟರು ಈಗ ತಾವೇ ಕಂಬಳಿ ಹೊದ್ದು ನಡುಗಿದರು. ಕ್ವಿನೈನ್ ತಗೊಂಡು ಚೇತರಿಸಿಕೊಂಡು ಮತ್ತೆ ಹುಡುಕಾಟ. ಅಲ್ಲಿ ಒಂದು ಸೊಳ್ಳೆ ಕಣ್ಣಿಗೆ ಬಿತ್ತು. ಬೇರೆ ಸೊಳ್ಳೆಗಳ ಹಾಗೆ ಗೋಡೆಗೆ ಸಮನಾಗಿ ಕೂರದೆ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತಿತ್ತು. ರೆಕ್ಕೆಯ ಮೇಲೆ ಚುಕ್ಕಿ. ಇದು ಬೇರೆ ಅಂತ ಗುರುತು ಹಾಕಿಕೊಂಡರು.

ಸಿಕಂದರಾಬಾದಿಗೆ ವಾಪಸ್ ಬಂದು ಬೇಗಂಪೇಟೆಯ ಆಸ್ಪತ್ರೆಯಲ್ಲಿ ಕೂತರು. ಆಗಸ್ಟ್ ತಿಂಗಳ ಸೆಕೆ. ಪಂಕಾ ಹಾಕುವ ಹಾಗಿಲ್ಲ, ಗಾಳಿಗೆ ಸೊಳ್ಳೆಗಳು ಹಾರಿಹೋಗುತ್ತವೆ. ಹಣೆಯ ಬೆವರು ಬಿದ್ದು ಬಿದ್ದು ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಬಿರುಕು ಬಿಟ್ಟಿತ್ತು. ಸಹಾಯಕರು ಹಿಡಿದು ತಂದ ಮರಿಗಳಲ್ಲಿ ಆ ಚುಕ್ಕಿ ರೆಕ್ಕೆಯ ಸೊಳ್ಳೆಗಳು ಹುಟ್ಟಿದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆ ಪರದೆಯೊಳಗೆ ಮಲಗಿ ಅವುಗಳಿಂದ ಕಚ್ಚಿಸಿಕೊಂಡರು. ರಕ್ತ ಹೀರಿದ ಒಂದೊಂದು ಸೊಳ್ಳೆಗೂ ಒಂದೊಂದು ಆಣೆ.

ಆ ಸೊಳ್ಳೆಗಳನ್ನು ದಿನಕ್ಕೆ ಒಂದೆರಡರಂತೆ ಸೀಳಿ ನೋಡುತ್ತಾ ಬಂದರು. ಏನೂ ಇಲ್ಲ. ಆಗಸ್ಟ್ 20ರ ಮಧ್ಯಾಹ್ನ, ಕೆಲವೇ ಸೊಳ್ಳೆ ಉಳಿದಿದ್ದವು. ಒಂದನ್ನು ಸೀಳಿ ಇಂಚಿಂಚೂ ನೋಡುತ್ತಾ ಹೊಟ್ಟೆಯ ಗೋಡೆಗೆ ಬಂದಾಗ ಅಲ್ಲಿ ಇರಬಾರದ ದುಂಡನೆಯ ಕೋಶಗಳು ಕಂಡವು. ಒಳಗೆ ಕಪ್ಪು ಚುಕ್ಕಿಗಳು. ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವ ಅದೇ ಕಪ್ಪು ಬಣ್ಣ. ಮಾರನೇ ದಿನ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಬೆಳೆಯುತ್ತಿವೆ. ಜ್ವರದ ಅಡ್ರೆಸ್ ಸಿಕ್ಕಿತ್ತು! ಆ ರಾತ್ರಿ ಡಾಕ್ಟರ್ ರಾಸ್ ಒಳಗಿದ್ದ ಕವಿ ಎದ್ದು ಕೂತು ಒಂದು ಕವಿತೆಯನ್ನೂ ಬರೆದರು.

ಇದಾದ ಮೇಲೆ ಸರ್ಕಾರ ಏನು ಮಾಡಬೇಕಿತ್ತು? ಇನ್ನಷ್ಟು ಅನುಕೂಲ ಮಾಡಿಕೊಡಬೇಕಿತ್ತು. ಮಾಡಿದ್ದು ಟ್ರಾನ್ಸ್‌ಫರ್. ಅದೂ ಮಲೇರಿಯಾ ಕೆಲಸಕ್ಕೆ ಅವಕಾಶವೇ ಇಲ್ಲದ ರಾಜಪುತಾನದ ಖೇರ್ವಾಡಾಕ್ಕೆ. ಮ್ಯಾನ್ಸನ್ ಲಂಡನ್ನಿನಿಂದ ಒತ್ತಡ ತಂದ ಮೇಲೆ 1898ರಲ್ಲಿ ಕಲ್ಕತ್ತಾಕ್ಕೆ ಹಾಕಿದರು. ಅಲ್ಲಿ ಇನ್ನೊಂದು ತೊಂದರೆ. ಆಗ ಪ್ಲೇಗಿನ ಗಲಾಟೆ ನಡೆಯುತ್ತಿತ್ತು. ಬಿಳಿ ಡಾಕ್ಟರು ಸೂಜಿ ಹಿಡಿದು ಬೆರಳು ಚುಚ್ಚಲು ಬಂದರೆ ಜನ ಓಡಿಹೋಗುತ್ತಿದ್ದರು. ಎಸೆಕ್ಸಿನ ಆ ಹೆಂಗಸು ನೆನಪಾಗುತ್ತಾರಲ್ಲವಾ? ಎಂಥಾ ಜಾಣ ಡಾಕ್ಟರಾದರೂ ಎದುರಿಗಿರುವವರಿಗೆ ನಂಬಿಕೆ ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ರಾಸ್ ಹಕ್ಕಿಗಳ ಕಡೆ ತಿರುಗಿದರು. ಹಕ್ಕಿಗಳಿಗೂ ಅವುಗಳದ್ದೇ ಆದ ಮಲೇರಿಯಾ ಇದೆ. ಮಹಮ್ಮದ್ ಬಕ್ಷ್ ಎಂಬ ಸಹಾಯಕರ ನೆರವಿನಿಂದ ಗುಬ್ಬಚ್ಚಿಗಳ ಮೇಲೆ ಪ್ರಯೋಗ ನಡೆಸಿ, ರೋಗದ ಜೀವಿ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬರುತ್ತದೆ, ಅಲ್ಲಿಂದ ಕಚ್ಚುವಾಗ ಮೈಯೊಳಗೆ ಇಳಿಯುತ್ತದೆ ಅಂತ 1898ರ ಜುಲೈನಲ್ಲಿ ತೋರಿಸಿದರು. ನೀರು ಕುಡಿಯುವ ಊಹೆ ಬಿದ್ದುಹೋಯಿತು. ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಜೊತೆಗಾರರು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡುತ್ತದೆ ಅಂತ ಪೂರ್ತಿ ಸಾಬೀತು ಮಾಡಿದರು. ಯಾರು ಮೊದಲು ಅನ್ನುವ ಜಗಳ ಇಬ್ಬರಿಗೂ ಸಾಯುವವರೆಗೆ ಮುಗಿಯಲಿಲ್ಲ. ಈ ಜಗಳದಲ್ಲಿ ರಾಸ್ ಬಹಳ ಕಹಿಯಾಗಿ ನಡೆದುಕೊಂಡರು. 1902ರ ನೊಬೆಲ್ ರಾಸ್ ಒಬ್ಬರಿಗೇ ಬಂತು. ಭಾರತದಲ್ಲಿ ಹುಟ್ಟಿದವರಿಗೆ ಸಿಕ್ಕ ಮೊದಲ ನೊಬೆಲ್ ಅದು.

ಎಂಜಿನಿಯರಿಂಗ್ ಓದುವ ನಮಗೆ ಅವರ ಮುಂದಿನ ಕೆಲಸ ಇನ್ನೂ ಹತ್ತಿರದ್ದು. 1899ರಲ್ಲಿ ಭಾರತದ ಕೆಲಸ ಬಿಟ್ಟು ಲಿವರ್‌ಪೂಲ್‌ನಲ್ಲಿ ಪಾಠ ಮಾಡುತ್ತಾ, ಆಫ್ರಿಕಾ, ಮಾರಿಷಸ್ ಅಂತ ತಿರುಗುತ್ತಾ ಇದ್ದಾಗ ಎಲ್ಲರೂ ಅವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಪ್ರಪಂಚದ ಸೊಳ್ಳೆಯನ್ನೆಲ್ಲ ಕೊಲ್ಲೋಕಾಗುತ್ತಾ? ತಾವೇ ಕಲಿತಿದ್ದ ಗಣಿತ ಈಗ ಕೆಲಸಕ್ಕೆ ಬಂತು. ಒಂದು ಊರಿನಲ್ಲಿ ರೋಗಿಗಳೆಷ್ಟು, ಸೊಳ್ಳೆಗಳೆಷ್ಟು, ಎಷ್ಟು ಕಚ್ಚುತ್ತವೆ, ಎಷ್ಟು ಸಾಯುತ್ತವೆ ಅಂತ ಸಮೀಕರಣ ಬರೆದರು. ಎಲ್ಲಾ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದರೆ ಸಾಕು, ರೋಗ ತಾನಾಗಿ ಕರಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. 1910ರಲ್ಲಿ ಅವರ ಮಲೇರಿಯಾ ತಡೆಯ ದೊಡ್ಡ ಪುಸ್ತಕ ಬಂತು, ಮರುವರ್ಷದ ಆವೃತ್ತಿಯಲ್ಲಿ ಡಿಫರೆನ್ಷಿಯಲ್ ಈಕ್ವೇಶನ್‌ಗಳೇ ಸೇರಿದವು. ಕೊರೊನಾ ಸಮಯದಲ್ಲಿ ಟಿವಿಯಲ್ಲಿ ಆರ್ ಸಂಖ್ಯೆ ಒಂದಕ್ಕಿಂತ ಕೆಳಗೆ ಬರಬೇಕು ಅಂತ ಹೇಳುತ್ತಿದ್ದರಲ್ಲ, ಆ ಯೋಚನೆಯ ಬೇರು ಇಲ್ಲಿದೆ. ಮ್ಯಾಥ್ಸ್ ತಗೊಂಡು ಏನು ಮಾಡೋದು ಅಂತ ಕೇಳುವವರಿಗೆ ಇದೊಂದು ಉತ್ತರ.

ನಮ್ಮ ಮಲೆನಾಡಿಗೆ ಇದರಿಂದ ಏನಾಯಿತು? ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬಂದು, 8 ಲಕ್ಷ ಜನ ಸಾಯುತ್ತಿದ್ದರು ಅಂತ ಅಂದಾಜು. ನಮ್ಮ ಬೆಟ್ಟಗಳಲ್ಲಿ ರೋಗ ತರುತ್ತಿದ್ದದ್ದು ಸಣ್ಣ ಹಳ್ಳ, ತೊರೆಗಳ ಶುದ್ಧ ನೀರಿನ ಅಂಚಿನಲ್ಲಿ ಮರಿ ಹಾಕುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಎಂಥಾ ವಿಚಿತ್ರ ನೋಡಿ, ಕೊಳಕಿನಲ್ಲಿ ಹುಡುಕುತ್ತಿದ್ದ ರೋಗ ತಿಳಿನೀರಿನಲ್ಲಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಮನೆಗೆ ಡಿಡಿಟಿ ಹೊಡೆದರು. ಗೋಡೆಗೆ ಬಿಳಿ ಔಷಧಿ ಹೊಡೆಯಲು ಬರುತ್ತಿದ್ದವರು ಅಜ್ಜಿಗೆ ಈಗಲೂ ನೆನಪಿದ್ದಾರೆ. ಕೆಲವೇ ವರ್ಷದಲ್ಲಿ ಚಳಿಜ್ವರ ಇಳಿಯಿತು. ಊರು ಅದೇ, ಹಳ್ಳ ಅದೇ, ಗಾಳಿಯೂ ಅದೇ. ನಮ್ಮೂರಿನ ಗಾಳಿಯ ಮೇಲಿದ್ದ ಅಪವಾದ ಹೋಯಿತು. ಅದಿಲ್ಲದಿದ್ದರೆ ಬಾಳ್ಳುಪೇಟೆಯಲ್ಲಿ ನಮ್ಮ ಮನೆ ಇರುತ್ತಿತ್ತೋ ಇಲ್ಲವೋ.

ಎರಡು ವರ್ಷದ ಹಿಂದೆ ಈ ರೋಗ ನಮ್ಮ ಮನೆಗೇ ಬಂತು. ಅಪ್ಪನಿಗೆ ಜ್ವರ. ಒಂದು ಕಡೆ ತೋರಿಸಿದರೆ ವೈರಲ್ ಅಂದರು, ಇನ್ನೊಂದು ಕಡೆ ಟೈಫಾಯ್ಡ್ ಇರಬಹುದು ಅಂದರು. ಮಾತ್ರೆ ತಗೊಂಡಾಗ ಇಳಿಯೋದು, ಮತ್ತೆ ಬರೋದು. ಮೂರನೇ ಕಡೆ ಒಬ್ಬ ವಯಸ್ಸಾದ ಡಾಕ್ಟರು ಸಿಕ್ಕಿದರು. ಅವರು ಸ್ಟೆತಸ್ಕೋಪ್ ತೆಗೆಯುವ ಮೊದಲೇ ಕುರ್ಚಿ ಹತ್ತಿರ ಎಳೆದುಕೊಂಡು, ಜ್ವರ ಯಾವ ಹೊತ್ತಿಗೆ ಬರುತ್ತೆ, ದಿನಾ ಬರುತ್ತಾ ಬಿಟ್ಟು ಬರುತ್ತಾ, ಇತ್ತೀಚೆಗೆ ಊರು ಬಿಟ್ಟು ಎಲ್ಲಾದರೂ ಮಲಗಿದ್ರಾ ಅಂತ ನಿಧಾನಕ್ಕೆ ಕೇಳಿದರು. ಅಪ್ಪ ಮೂರು ವಾರದ ಹಿಂದೆ ಮಂಗಳೂರಿನಲ್ಲಿ ಕಟ್ಟಡ ಕೆಲಸ ನಡೆಯುವ ಕಡೆ ನಾಲ್ಕು ರಾತ್ರಿ ಇದ್ದದ್ದು ಆಗ ಹೊರಬಂತು. ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ಮಂಗಳೂರಿನಲ್ಲಿ ಮಲೇರಿಯಾ ಇರುವುದು ಗೊತ್ತಿರುವ ವಿಷಯ. ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ನೋಡಿದರು, ವೈವ್ಯಾಕ್ಸ್ ಮಲೇರಿಯಾ. ಜ್ವರ ಬಿಟ್ಟ ಮೇಲೂ ಲಿವರ್‌ನಲ್ಲಿ ಅಡಗಿರುವುದು ಮತ್ತೆ ಏಳಬಾರದು ಅಂತ 14 ದಿನದ ಮಾತ್ರೆ ಪೂರ್ತಿ ನುಂಗಿಸಿದರು. ಯಾಕೆ ಅಂತ ಅಮ್ಮನಿಗೆ ಕೂರಿಸಿ ವಿವರಿಸಿದರು. ಆ ಡಾಕ್ಟರು ಮಾಡಿದ್ದು ಏನು ದೊಡ್ಡದು ಅನ್ನಿಸಬಹುದು. ಹತ್ತು ನಿಮಿಷ ಕೇಳಿಸಿಕೊಂಡರು. ರಾಸ್ ಕಂಡುಹಿಡಿದದ್ದು ಆ ಹತ್ತು ನಿಮಿಷ ಇಲ್ಲದೆ ನಮ್ಮ ಅಪ್ಪನವರೆಗೆ ತಲುಪುತ್ತಿರಲಿಲ್ಲ.

ರಾಸ್ ಅವರ ಕೊನೆಯ ವರ್ಷಗಳು ಅಷ್ಟು ಸುಖವಾಗಿರಲಿಲ್ಲ. 1911ರಲ್ಲಿ ಸರ್ ಪದವಿ ಬಂತು, 1914ರಲ್ಲಿ ಮಹಾಯುದ್ಧದಲ್ಲಿ ದೊಡ್ಡ ಮಗ ತೀರಿಕೊಂಡ. ದುಡ್ಡಿನ ತೊಂದರೆಯಿಂದ 1928ರಲ್ಲಿ ತಮ್ಮ ಕಾಗದಪತ್ರಗಳನ್ನೇ ಮಾರಿದರು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆ ಶುರುವಾಗಿತ್ತು. 1931ರಲ್ಲಿ ಹೆಂಡತಿ ಹೋದರು, 1932ರ ಸೆಪ್ಟೆಂಬರ್ 16ರಂದು ರಾಸ್ ಹೋದರು. 75 ವರ್ಷ ಬದುಕಿದ್ದರು.

ಅವರು ದೇವರಂಥ ಮನುಷ್ಯ ಆಗಿರಲಿಲ್ಲ. ಸಿಟ್ಟಿನವರು, ಜಗಳಗಂಟರು, ಬಡವರ ಮೇಲೆ ಕೇಳಬಾರದ ಪ್ರಯೋಗ ಮಾಡಿದವರು. ಆದರೂ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ತಮ್ಮ ನಂಬಿಕೆಗೆ ವಿರುದ್ಧವಾಗಿದ್ದಾಗ ನಂಬಿಕೆಯನ್ನು ಬಿಟ್ಟರು, ಕಂಡದ್ದನ್ನು ಇಟ್ಟುಕೊಂಡರು. ಆಗಸ್ಟ್ 20ರಂದು ಅವರ ಜೊತೆ ಅಪ್ಪಯ್ಯ, ಹುಸೇನ್ ಖಾನ್, ಮಹಮ್ಮದ್ ಬಕ್ಷ್ ಅವರನ್ನೂ ನೆನೆಸಿಕೊಳ್ಳೋಣ. ಅವರ ಮೈ, ಅವರ ರಕ್ತ, ಅವರ ದುಡಿಮೆ ಇಲ್ಲದೆ ಆ ನೊಬೆಲ್ ಇಲ್ಲ.

ಇನ್ನು ಸ್ನೇಹಿತರೇ, ಮಳೆಗಾಲ ಶುರುವಾಗಿದೆ. ಹಾಸ್ಟೆಲ್ ಹಿಂದೆ ಬಿದ್ದಿರುವ ಬಕೆಟ್‌ಗಳನ್ನು ಬೋರಲು ಹಾಕಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಜ್ವರ ಬಂದರೆ ಗೂಗಲ್ ಕೇಳುವ ಬದಲು ಡಾಕ್ಟರ್ ಹತ್ತಿರ ಹೋಗಿ, ಎಲ್ಲೆಲ್ಲಿ ಟ್ರಿಪ್ ಹೋಗಿದ್ರಿ ಅಂತ ಮುಚ್ಚಿಡದೆ ಹೇಳಿ. ಅವರು ಜಾಸ್ತಿ ಪ್ರಶ್ನೆ ಕೇಳಿದರೆ ಎಸೆಕ್ಸಿನ ಆ ಹೆಂಗಸಿನ ಹಾಗೆ ಓಡಿಹೋಗಬೇಡಿ. ನಿಮಗೆ ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ ಅಂತ ಅರ್ಥ.